ಬಿಳಿ ಪಟ್ಟಿಯ ಮಗುವನ್ನು ಎತ್ತಿಕೊಳ್ಳುವಂತಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನವಜಾತ ಶಿಶುಗಳ ಶಸ್ತ್ರಚಿಕಿತ್ಸಾ ವಾರ್ಡಿನ ಮೂಲೆಯ ಕುರ್ಚಿಯಲ್ಲಿ ಆಯಾ ಒಬ್ಬರು ಮೊಣಕೈವರೆಗೆ ಕೈ ತೊಳೆದು ಕುಳಿತಿದ್ದಾರೆ. ನರ್ಸ್ ನಳಿಕೆಗಳನ್ನು ಜೋಪಾನವಾಗಿ ಸರಿಸಿ, ಹೊಟ್ಟೆಗೆ ಹೊಲಿಗೆ ಬಿದ್ದ ಹಸುಗೂಸನ್ನು ಅವರ ಎದೆಗೆ ಒರಗಿಸುತ್ತಾರೆ. ಇನ್ನು ಹೊತ್ತೇರುವ ತನಕ ಅಲುಗಾಡುವಂತಿಲ್ಲ. ಮೂಗು ತುರಿಸಿದರೂ ಹಲ್ಲುಕಚ್ಚಿಕೊಂಡು ಕೂರಬೇಕು.

ವಾರ್ಡಿನವರಿಗೆಲ್ಲ ಅವರು ಮಡಿಲಮ್ಮ. ಕೂತು ಸಂಬಳ ತಗೊಳ್ಳುವ ಪುಣ್ಯವಂತೆ ಎಂದು ನರ್ಸುಗಳು ಕಾಲೆಳೆಯುತ್ತಾರೆ. ಮೊದಲು ಇಲ್ಲಿಯೇ ನೆಲ ಒರೆಸುತ್ತಿದ್ದವರು. "ಉಗುರು ಬಿಡಲ್ಲ, ಕೆಮ್ಮಿಲ್ಲ, ಕೂರು ಅಂದ್ರೆ ಕೂತೇ ಇರ್ತೀನಿ. ಅದಕ್ಕೇ ಆರಿಸ್ಕೊಂಡ್ರು. ಇನ್ಯಾವ ವಿದ್ಯೆ ಇದೆ ನಂಗೆ?" ಎನ್ನುತ್ತಾರೆ. ಈಗ ಸೊಂಟ ಕೈಕೊಟ್ಟಿದೆ. ಮನೆಗೆ ಹೋದರೆ ಮಗಳು ಬೈದುಕೊಂಡೇ ಮುಲಾಮು ತಿಕ್ಕುತ್ತಾಳೆ.

ಇಲ್ಲಿ ನಡೆಯುತ್ತಿರುವುದು ಸಂಶೋಧನೆ. ಆಪರೇಷನ್ ಆದ ಕೂಸುಗಳ ತಾಯಂದಿರು ಎಷ್ಟೋ ಸಲ ಹೆರಿಗೆಯಾದ ದೂರದ ಆಸ್ಪತ್ರೆಯಲ್ಲೇ ಮಲಗಿರುತ್ತಾರೆ. ಅಂಥ ಮಗುವನ್ನು ಬೇರೊಬ್ಬರು ಎದೆಗವಚಿಕೊಂಡರೆ ಅದು ಬೇಗ ಚೇತರಿಸಿಕೊಳ್ಳುತ್ತದೆಯೇ ಎಂಬುದು ಪ್ರಶ್ನೆ. ಹೆತ್ತವರು ಒಪ್ಪಿದ ಮೇಲೆ ಚೀಟಿ ಎತ್ತುತ್ತಾರೆ. ಚೀಟಿಯಂತೆ ಕಾಲಿಗೆ ಹಸಿರು ಪಟ್ಟಿ ಬಂದ ಮಗುವಿಗೆ ಮಡಿಲು, ಬಿಳಿ ಪಟ್ಟಿಯದಕ್ಕೆ ತೊಟ್ಟಿಲು. ಔಷಧ, ಶಾಖ, ಆರೈಕೆ ಎಲ್ಲ ಎರಡಕ್ಕೂ ಒಂದೇ.

ಕಳೆದ ತಿಂಗಳು ಕರುಳು ಹೊಟ್ಟೆಯಿಂದ ಹೊರಗೇ ಉಳಿದು ಹುಟ್ಟಿದ ಒಂದು ಗಂಡುಕೂಸು ಬಂತು. ಆಪರೇಷನ್ ಆಯಿತು, ಚೀಟಿಯಲ್ಲಿ ಬಿಳಿ ಪಟ್ಟಿ ಬಿತ್ತು. ಅಂದು ಹಸಿರು ಪಟ್ಟಿಯ ಮಗು ಒಂದೂ ಇರಲಿಲ್ಲ. ಮಡಿಲಮ್ಮನ ಮಡಿಲು ಬರಿದು, ಕೈಯಳತೆಯಲ್ಲಿ ಕೂಸಿನ ನರಳಾಟ. ಎತ್ತಿಕೊಳ್ಳಲೇ ಎಂದು ಅವರು ಸಂಶೋಧನೆ ನಡೆಸುವ ಡಾಕ್ಟರನ್ನು ಬೇಡಿಕೊಂಡರು. ಒಂದಕ್ಕೆ ನಿಯಮ ಮುರಿದರೆ ಮುಂದೆ ಹುಟ್ಟುವ ಸಾವಿರ ಮಕ್ಕಳಿಗೆ ಉತ್ತರ ಸಿಗುವುದಿಲ್ಲ ಎಂದರು ಡಾಕ್ಟರು. ಅವರ ಕಣ್ಣೂ ಒದ್ದೆಯಾಗಿತ್ತಂತೆ. ಮಡಿಲಮ್ಮ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತರು. ಮರುದಿನ ಬೆಳಗ್ಗೆ ಬಂದು ನೋಡಿದರೆ ತೊಟ್ಟಿಲು ಖಾಲಿ.

ರಕ್ತಕ್ಕೆ ನಂಜೇರಿತ್ತು, ಎತ್ತಿಕೊಂಡಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದು ಡಾಕ್ಟರು ಸಮಾಧಾನ ಹೇಳಿದರು.

"ಅದು ನಿಮ್ಗೆ ಗೊತ್ತಾ ಸಾರ್?" ಎಂದು ಇವರು ಕೇಳಿದರು.

ಡಾಕ್ಟರು ಸುಳ್ಳಾಡುವ ಮನುಷ್ಯನಲ್ಲ. "ಗೊತ್ತಿಲ್ಲಮ್ಮ. ಅದನ್ನ ತಿಳ್ಕೊಳ್ಳೋಕೇ ತಾನೇ ಇಷ್ಟೆಲ್ಲ."

ಸುಳ್ಳಾಡಿದ್ದು ಮಡಿಲಮ್ಮ. ಸಂಜೆ ಆ ಕೂಸಿನ ತಾಯಿ, ಹಸಿ ಬಾಣಂತಿ, ಹೆರಿಗೆಯಾದ ಆಸ್ಪತ್ರೆಯಿಂದ ಗಂಡನ ತೋಳು ಹಿಡಿದುಕೊಂಡು ಬಂದಳು. ನನ್ನ ಮಗುವನ್ನು ಯಾರಾದರೂ ಎತ್ತಿಕೊಂಡಿದ್ದರಾ ಎಂದು ಕೇಳಿದಳು. "ಎತ್ಕೊಂಡಿದ್ದೆ ಕಣಮ್ಮ, ನಾನೇ" ಎಂದುಬಿಟ್ಟರು. ಅವಳು ಅಲ್ಲೇ ಕುಸಿದು ಆ ಮಡಿಲಿಗೆ ಮುಖ ಹುದುಗಿಸಿ ಅತ್ತಳು.

ಮುಂದಿನ ವರ್ಷ ಫಲಿತಾಂಶ ಬರಲಿದೆ. ಮಡಿಲೇ ಗೆದ್ದರೆ ಆಸ್ಪತ್ರೆ ಆಸ್ಪತ್ರೆಗೂ ಇಂಥವರನ್ನು ನೇಮಿಸಿಕೊಳ್ಳುತ್ತಾರೆ, ಇವರ ಇಷ್ಟು ದಿನದ ದುಡಿಮೆಗೆ ಬೆಲೆ ಬರುತ್ತದೆ. ನರ್ಸುಗಳೆಲ್ಲ ಅದನ್ನೇ ಹಾರೈಸುತ್ತಿದ್ದಾರೆ. ನಿಮ್ಮ ಆಸೆಯೇನು ಎಂದರೆ ಮಡಿಲಮ್ಮ ಎದೆಯ ಮೇಲಿನ ಕೂಸು ಎಚ್ಚರಗೊಳ್ಳದಂತೆ ಪಿಸುಗುಡುತ್ತಾರೆ:

"ನನ್ನಿಂದ ಏನೂ ಪ್ರಯೋಜನ ಆಗ್ಲಿಲ್ಲ ಅಂತಲೇ ಬರ್ಲಿ. ಆಗ ಆ ಮಗು ಹೋಗಿದ್ದು ನಾನು ಎತ್ಕೊಳ್ದೇ ಇದ್ದಿದ್ದಕ್ಕಲ್ಲ ಅಂತಾದ್ರೂ ಆಗುತ್ತೆ."