ಇಂಟರ್ವಲ್ ತನಕ ಹೊರಗೆ

ಗೇಟಮ್ಮನ ಕಾಲುಗಳು ಮೊಣಕಾಲಿನಿಂದ ಕೆಳಕ್ಕೆ ಊದಿಕೊಂಡು, ಹಸಿರು ನರಗಳು ಗಂಟುಗಂಟಾಗಿ ಎದ್ದು ಕಾಣುತ್ತಿದ್ದವು. ಒಂದು ಕಾಲನ್ನು ನೆಲದ ಮೇಲೂ ಇನ್ನೊಂದನ್ನು ಇಟ್ಟಿಗೆಯ ಮೇಲೂ ಇಟ್ಟು, ಆಗಾಗ ಅದಲುಬದಲು ಮಾಡಿಕೊಳ್ಳುತ್ತ, ಮಳವಳ್ಳಿಯ ಟಾಕೀಸಿನ ಹೆಂಗಸರ ಬಾಗಿಲಲ್ಲಿ ಮ್ಯಾಟಿನಿಯಿಂದ ನಿಂತೇ ಇರುತ್ತಿದ್ದಳು. ಒಂದು ಸ್ಟೂಲೇನೋ ಇತ್ತು. ಅದರ ಮೇಲೆ ಮಾಲೀಕರ ಭಾವಮೈದುನ ಕೂರುತ್ತಿದ್ದ. ಊರಿಗೆಲ್ಲ ಅವಳು ಗೇಟಮ್ಮ; ನಿಜವಾದ ಹೆಸರನ್ನು ನಾನಂತೂ ಕೇಳಲಿಲ್ಲ.

ಎಪ್ಪತ್ತರ ದಶಕ. ನನಗೆ ಇಪ್ಪತ್ತು ವರ್ಷ. ಮಂಡ್ಯದ ಕಾಲೇಜಿನಲ್ಲಿ ಓದುತ್ತಿದ್ದಾಗ ಮೊದಲು ನಿದ್ದೆ ಹೋಯಿತು, ಆಮೇಲೆ ಊಟ ಸೇರದಾಯಿತು, ಆಮೇಲೆ ಯಾರೂ ಆಡದ ಮಾತುಗಳು ಕಿವಿಗೆ ಬೀಳತೊಡಗಿದವು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ಆ ಮಾತುಗಳನ್ನು ನಿಲ್ಲಿಸಿತು, ಜೊತೆಗೆ ನನ್ನನ್ನೂ ನಿಲ್ಲಿಸಿಬಿಟ್ಟಿತು. ಹಸಿವೋ ಹಸಿವು. ವರ್ಷದೊಳಗೆ ರವಿಕೆಗಳನ್ನು ಎರಡು ಸಲ ಬಿಚ್ಚಿ ಹೊಲಿಸಬೇಕಾಯಿತು. ಕೂತರೆ ಏಳಲು ಬೇಸರ, ಎದ್ದರೆ ನಿಲ್ಲಲು ಬೇಸರ. "ದಿನಾ ಒಂದು ಗಂಟೆ ನಡೆಸಿ, ಕೂತಲ್ಲೇ ಕೂರೋಕೆ ಬಿಡಬೇಡಿ" ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದರು. ಅಪ್ಪ ಸ್ಕೂಲು ಮೇಷ್ಟ್ರು, ತಲೆಯಾಡಿಸಿ ಬಂದರು. ಆದರೆ ತಂಗಿಗೆ ಗಂಡು ನೋಡುತ್ತಿದ್ದ ಕಾಲ ಅದು. ನನ್ನನ್ನು ಬೀದಿಯಲ್ಲಿ ನಡೆಸುವುದೆಂದರೆ ಅಮ್ಮನಿಗೆ ಊರಲ್ಲಿ ಡಂಗುರ ಹೊಡೆಸಿದಂತೆ. ಹಾಗಾಗಿ ದಿನಾ ಮಧ್ಯಾಹ್ನ ನನ್ನನ್ನು ಟಾಕೀಸಿಗೆ ಅಟ್ಟುತ್ತಿದ್ದರು. ಅಲ್ಲಿ ಕತ್ತಲು, ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೂ ಅದೇ ಬೇಕಿತ್ತು. ಒಂದೇ ಸಿನಿಮಾವನ್ನು ಹನ್ನೊಂದು ಸಲ ನೋಡಿದ್ದೇನೆ. ನೋಡಿದೆ ಅನ್ನುವುದೂ ದೊಡ್ಡ ಮಾತು. ಕಡಲೆಕಾಯಿ ತಿನ್ನುತ್ತ ಅದರ ಎದುರಿಗೆ ಕೂತಿದ್ದೆ, ಅಷ್ಟೇ.

ಹನ್ನೆರಡನೆಯ ದಿನ ಗೇಟಮ್ಮ ನನ್ನ ಟಿಕೆಟ್ ಹರಿದು, ಎರಡು ಚೂರನ್ನೂ ತಾನೇ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇಂಟರ್ವಲ್ ಆದ್ಮೇಲೆ ಬಾ. ಮೊದಲ್ನೇ ಅರ್ದ ನಿಂಗೆ ಬಾಯ್ಪಾಟ ಆಗೋಗದೆ. ಅಲ್ಲೀಗಂಟ ಕೆರೆ ಏರಿ ಮ್ಯಾಲೆ ಓಗ್ಬುಟ್ಟು ಬಾ."

"ನನ್ನ ಕೈಲಾಗಲ್ಲ ಗೇಟಮ್ಮ."

"ನನ್ ಕೈಲಿ ನಿಂತ್ಕಳಕ್ಕಾಯ್ತದಾ? ನಿಂತಿಲ್ವಾ? ಓಗವ್ವ."

ಅವಳ ದನಿ ದಣಿದಿತ್ತು, ಕನಿಕರವೇನೂ ಇರಲಿಲ್ಲ. ಅದಕ್ಕೇ ಹೋದೆನೋ ಏನೋ. ನನ್ನನ್ನು ಕಂಡು ಲೊಚಗುಟ್ಟುವವರ ಮುಂದೆ ನಾನು ಕೂತಲ್ಲಿಂದ ಅಲ್ಲಾಡುತ್ತಿರಲಿಲ್ಲ. ಮೊದಲ ದಿನ ತೂಬಿನವರೆಗೆ ಹೋಗಿ, ಅಲ್ಲೇ ಕೂತು, ಅತ್ತು ಬಂದೆ. ಒಂದು ವಾರ ಕಳೆದ ಮೇಲೆ ಮೈಗಳ್ಳತನ ಮಾಡಿ ಟಾಕೀಸಿನ ಹಿಂದಿನ ಹುಣಸೆಮರದ ಕೆಳಗೆ ಕೂತಿದ್ದು ಬಂದೆ. "ಕಾಲ್ ತೋರ್ಸು" ಅಂದಳು. ಧೂಳಿರಲಿಲ್ಲ. "ಇವತ್ತು ಇಂಟರ್ವಲ್ ಆದ್ರೂ ಬುಡಾಕಿಲ್ಲ" ಅಂದಳು, ಬಿಡಲೂ ಇಲ್ಲ. ಬೈದುಕೊಳ್ಳುತ್ತಲೇ ಮತ್ತೆ ಏರಿ ಹತ್ತಿದೆ. ತೂಕ ಇಳಿಯಿತು ಎಂದು ಬರೆಯಲು ನನಗೂ ಆಸೆ, ಇಳಿಯಲಿಲ್ಲ. ಆದರೆ ಮೂರು ತಿಂಗಳಲ್ಲಿ ಏರಿಯ ಆ ತುದಿ ಮುಟ್ಟಿದೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವಂತೆಯೂ ಆದೆ.

ಉತ್ತರ ಕೊಟ್ಟದ್ದೇ ಎಡವಟ್ಟಾಯಿತು. ಒಂದು ಮಧ್ಯಾಹ್ನ ತಂಗಿಯನ್ನು ನೋಡಲು ಮದ್ದೂರಿನವರು ಬರುವುದಿತ್ತು. ಅಮ್ಮ ನನ್ನನ್ನು ಅವಸರವಸರವಾಗಿ ಸಿನಿಮಾಕ್ಕೆ ಕಳಿಸಿದರು, ಗೇಟಮ್ಮ ಏರಿಗೆ ಕಳಿಸಿದಳು. ಏರಿ ಇಳಿದು ರಸ್ತೆಗೆ ಬಂದಾಗ ಬಸ್ಸಿಳಿದು ನಿಂತಿದ್ದ ಐದು ಜನ, ಕೈಯಲ್ಲಿ ಹೂವು ಹಣ್ಣು ಹಿಡಿದವರು, "ಮೇಷ್ಟ್ರ ಮನೆ ಎಲ್ಲಮ್ಮ?" ಎಂದು ನನ್ನನ್ನೇ ಕೇಳಬೇಕೆ? "ನಮ್ಮನೇನೇ, ಬನ್ನಿ" ಎಂದು ಮುಂದೆ ಮುಂದೆ ನಡೆದೆ. ನೀನು ಯಾರೆಂದರು, ದೊಡ್ಡ ಮಗಳು ಎಂದೆ. ಮದುವೆ ಯಾಕಾಗಿಲ್ಲ ಎಂದರು. ತಲೆಗೆ ಮಾತ್ರೆ ತಗೊಳ್ತಿದ್ದೀನಿ ಎಂದೆ. ಬಾಗಿಲು ತೆಗೆದ ಅಮ್ಮನ ಮುಖವನ್ನು ಬರೆಯಲಾರೆ. ಬಂದವರು ಕಾಫಿ ಕುಡಿದರು, ಉಪ್ಪಿಟ್ಟು ಮುಟ್ಟಲಿಲ್ಲ. ಮತ್ತೆ ಅವರಿಂದ ಸುದ್ದಿಯಿಲ್ಲ.

ಏರಿಗೆ ಯಾರು ಕಳಿಸಿದ್ದೆಂದು ಅಮ್ಮ ನನ್ನ ಬಾಯಿ ಬಿಡಿಸಿದರು. ಮಾರನೆಯ ದಿನ ನನ್ನ ಕೈ ಹಿಡಿದು ಟಾಕೀಸಿಗೆ ಎಳೆದುಕೊಂಡು ಹೋದರು.

"ಟಿಕೆಟ್ ಇಸ್ಕೊಂಡು ಹುಡುಗೀನ ಬೀದಿಗೆ ಬಿಟ್ಟೆಯಲ್ಲೇ, ನಿನಗೇನೇ ಅಧಿಕಾರ?"

ಗೇಟಮ್ಮ ಕಾಲು ಬದಲಾಯಿಸಿದಳು. "ಕತ್ಲೇಲಿ ಮುಚ್ಚಿಡಕ್ಕೆ ನಿಮ್ ಮಗ್ಳೇನು ಉಪ್ಪಿನ್ಕಾಯಿ ಜಾಡೀನಾ ತಾಯಿ?"

ಗಲಾಟೆ ಕೇಳಿ ಮಾಲೀಕರು ಬಂದರು. ನನ್ನ ಕಡೆ ತಿರುಗಿ, "ಟಿಕೆಟ್ ತಗೊಂಡು ಇವಳು ನಿನ್ನ ಒಳಗೆ ಬಿಡ್ತಿರಲಿಲ್ವೇನಮ್ಮ?" ಎಂದು ಕೇಳಿದರು. ಗೇಟಮ್ಮ ನನ್ನತ್ತ ನೋಡಲಿಲ್ಲ.

"ಬಿಡ್ತಿರಲಿಲ್ಲ" ಎಂದೆ.

ಯಾಕೆ ಬಿಡುತ್ತಿರಲಿಲ್ಲ ಎಂಬುದೂ ನಾಲಿಗೆಯ ತುದಿಯಲ್ಲಿತ್ತು. ಅಮ್ಮ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು, ಮಾಲೀಕರಿಗೆ ಅವಸರವಿತ್ತು, ನನಗೆ ಎಂದಿನ ಸುಸ್ತು. ಆ ಸುಸ್ತನ್ನು ನೆಪ ಮಾಡಿಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಬಾಯಿ ಮುಚ್ಚಿಕೊಂಡು ನಿಂತೆ. ಮಾಲೀಕರು ಅವಳಿಗೆ ನಾಳೆಯಿಂದ ಬರಬೇಡ ಎಂದರು. ಸೆರಗು ಕೊಡವಿಕೊಂಡು ಹೊರಟವಳು ನನ್ನ ಪಕ್ಕ ಒಂದು ಗಳಿಗೆ ನಿಂತು, "ನೀ ಸುಳ್ಳೇನೂ ಏಳ್ನಿಲ್ಲ, ಬುಡು. ನಡ್ಯಾದ್ ಮಾತ್ರ ಬುಡಬ್ಯಾಡ ಕಣವ್ವ" ಎಂದಳು.

ಬಿಡಲಿಲ್ಲ. ಆ ಟಾಕೀಸಿಗೆ ಮತ್ತೆ ಕಾಲಿಡಲಿಲ್ಲ, ಮಧ್ಯಾಹ್ನವಾದರೆ ನೆಟ್ಟಗೆ ಏರಿಗೆ ಹೋಗುತ್ತಿದ್ದೆ. ಅಮ್ಮ ಬೈದರು, ಅತ್ತರು, ಕೊನೆಗೆ ಅವರೂ ಸುಸ್ತಾಗಿ ಸುಮ್ಮನಾದರು. ತಂಗಿಗೆ ಬೇರೆ ಕಡೆ ಸಂಬಂಧ ಕೂಡಿಬಂತು, ನನ್ನ ವಿಷಯ ತಿಳಿದೇ ಒಪ್ಪಿದರು. ಗೇಟಮ್ಮ ಎರಡು ಮೈಲಿ ಆಚೆ ತನ್ನ ಹಳ್ಳಿಯಲ್ಲಿದ್ದಾಳೆಂದು ನನಗೆ ಗೊತ್ತಿತ್ತು. ನಾಳೆ ಹೋಗೋಣ, ನಾಡಿದ್ದು ಹೋಗೋಣ ಎನ್ನುತ್ತ ಎರಡು ವರ್ಷ ಕಳೆದೆ. ಕೊನೆಗೂ ಹೋದದ್ದು ಅವಳು ಸತ್ತ ಸುದ್ದಿ ಕೇಳಿ, ತಿಥಿಯೂ ಮುಗಿದ ಮೇಲೆ. ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಅವಳ ಮಗಳು ಮೊರ ಕೆಳಗಿಟ್ಟು, "ಯಾರ್ ನೀವು?" ಎಂದಳು.

"ನಿಮ್ಮವ್ವ ನನ್ನ ಟಿಕೆಟ್ ಇಸ್ಕೊಂಡು ಒಳಗೆ ಬಿಡ್ತಿರಲಿಲ್ಲ. ನಾನು ನಡೀಲಿ ಅಂತ ಬಿಡ್ತಿರಲಿಲ್ಲ. ಅವರು ಹಾಗೆ ಮಾಡಿದ್ದಕ್ಕೇ ನನ್ನ ಜೀವ ಉಳೀತು. ಅದನ್ನ ಮಾಲೀಕರ ಮುಂದೆ ನಾನು ಹೇಳಲಿಲ್ಲ. ಅದಕ್ಕೇ ಅವರ ಕೆಲಸ ಹೋಯ್ತು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೋಪವಿರಲಿಲ್ಲ.

"ಕಾಲ್ ನೋವು, ನಿಂತ್ಕಳಕ್ಕಾಗಾಕಿಲ್ಲ ಅಂತ ನಾನೇ ಕೆಲ್ಸ ಬುಟ್ಬುಟ್ಟೆ ಅಂದಿತ್ತಲ್ಲ ಅವ್ವ," ಎಂದಳು.