ಮಗನೆದುರು ಏಳದ ಬಾಯಿ

ಕಾಕಾನ ಕೆಳತುಟಿ ಎಲೆಅಡಿಕೆಯಿಂದ ಸದಾ ಕೆಂಪಗಿರುತ್ತಿತ್ತು. ಮಾತಿಗೆ ಮುನ್ನ ಅದನ್ನು ಟವೆಲ್ಲಿನ ಅಂಚಿನಿಂದ ಒರೆಸಿಕೊಳ್ಳುತ್ತಿದ್ದರು. ಅಷ್ಟು ಕಂಡರೆ ಸಾಕು, ನಮ್ಮೂರು ಮರಳಿಯ ನ್ಯಾಯದ ಕಟ್ಟೆ ತೆಪ್ಪಗಾಗುತ್ತಿತ್ತು. ರಕ್ತಸಂಬಂಧವಲ್ಲ, ನಮ್ಮ ಪಕ್ಕದ ಮನೆಯವರು. ಕಾಲುವೆ ನೀರಿನ ಸರದಿಗೆ ಹೊಡೆದಾಡಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಎದುರುಬದುರು ಕೂರಿಸಿ, "ಮೊದ್ಲ ಯಾರಿಗೆ ಹಸಿವ್ಯಾಗೈತಿ ಅದನ್ನ ಹೇಳ್ರಲೇ, ನೀರಿನ ಮಾತು ಆಮ್ಯಾಲ" ಅನ್ನುತ್ತಿದ್ದರು. ಇಬ್ಬರೂ ನಕ್ಕರೆ ಅರ್ಧ ನ್ಯಾಯ ಮುಗಿದಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದದ್ದು ಮೇಷ್ಟರಿಂದಲ್ಲ, ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ಎದುರಿನ ಈ ಕಟ್ಟೆಯ ಮಾತು ಕೇಳಿ ಕೇಳಿ.

ಅಂಥವರ ಮಗ ಹದಿನಾರಕ್ಕೆ ಬೈಕ್ ಕಳವಿನಲ್ಲಿ ಸಿಕ್ಕಿಬಿದ್ದು ಬಾಲಾಪರಾಧಿಗಳ ವೀಕ್ಷಣಾಲಯ ಸೇರಿದ. ಬಿಟ್ಟು ಕಳಿಸುವಾಗ ಅಲ್ಲಿನ ಅಧಿಕಾರಿ ಕಾಕಾಗೆ ಹೇಳಿದ್ದು ಒಂದೇ: ಮನೆಯಲ್ಲಿ ಅವನ ಜೊತೆ ಮಾತಾಡಿ. ಊರು ನಕ್ಕಿತು. ಈ ಮನುಷ್ಯನಿಗೆ ಮಾತು ಹೇಳಿಕೊಡಬೇಕೆ?

ಅವನು ಬಂದ ದಿನ ನಾನೂ ಅವರ ಪಡಸಾಲೆಯಲ್ಲಿದ್ದೆ. ಕಾಕಾ ತುಟಿ ಒರೆಸಿಕೊಂಡರು. ಎಲ್ಲರೂ ಕಾದೆವು. ಅವರು ಹೆಂಡತಿ ಚಿಗವ್ವನ ಕಡೆ ತಿರುಗಿದರು: "ಅವಗ ಕೈಕಾಲು ತೊಳ್ಕೊಳ್ಳಾಕ ಹೇಳು."

ಮಗ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಚಿಗವ್ವ ಅವನಿಗೆ ಹೇಳಿದಳು: "ಕೈಕಾಲು ತೊಳ್ಕೋಬೇಕಂತಪಾ."

ಸಿಟ್ಟಾದ ಗಂಡಸರು ನಮ್ಮ ಕಡೆ ಎರಡು ದಿನ ಹೀಗೆ ಹೆಂಡತಿಯ ಕೈಲಿ ಮಾತಾಡಿಸುವುದುಂಟು. ಇದು ತಿಂಗಳುಗಟ್ಟಲೆ ನಡೆಯಿತು. ಊಟ, ಗದ್ದೆಯ ಕೆಲಸ, ಬೈಗುಳ, ಎಲ್ಲವೂ ಅವಳ ಬಾಯಿಂದಲೇ.

ನಾನು ಜಗಳಕ್ಕೇ ಹೋದೆ. "ಕಾಕಾ, ಊರಿಗೆಲ್ಲ ನ್ಯಾಯ ಹೇಳ್ತೀರಿ. ಅವ ತಪ್ಪು ಮಾಡ್ಯಾನ, ಶಿಕ್ಷಾನೂ ಆಗೈತಿ. ಇದು ಯಾವ ಶಿಕ್ಷಾರೀ ಮತ್ತ?"

ಅವರು ತಲೆ ಎತ್ತಲಿಲ್ಲ. "ನೀ ಹೇಳೂದು ಖರೇ ಐತಿ ಯವ್ವಾ. ಅವನ ಮಾರಿ ನೋಡಿದ್ರ ಬಾಯಿ ಏಳವಲ್ದು."

ವಾದ ಗೆದ್ದೆ. ಗೆದ್ದು ಏನೂ ಆಗಲಿಲ್ಲ.

ಪ್ರೀತಿ ಒಳಗಿದ್ದರೆ ಸಾಕು ಅನ್ನುವವರಿದ್ದಾರೆ. ಒಳಗಿತ್ತು, ನಾನೇ ಕಂಡಿದ್ದೇನೆ. ಅವನು ಉಣ್ಣುವ ತನಕ ಕಾಕಾ ಉಣ್ಣುತ್ತಿರಲಿಲ್ಲ. ಅದು ಹುಡುಗನಿಗೆ ಗೊತ್ತಾಗುವುದಾದರೂ ಹೇಗೆ? ಅವನು ನನಗೆ ಹೇಳಿದ್ದು ಇಷ್ಟು: "ಅಕ್ಕಾ, ಅಲ್ಲಿ ವಾರ್ಡನ್ ಬೈದ್ರೂ ನನ್ನ ಮಾರಿ ನೋಡಿ ಬೈತಿದ್ದ."

ಭತ್ತ ಕೊಯ್ಯುವ ಮಷೀನಿನವರ ಜೊತೆ ರಾಯಚೂರು ಕಡೆ ಹೋದವನು ಸುಗ್ಗಿ ಮುಗಿದರೂ ಬರಲಿಲ್ಲ. ಮತ್ತೆ ಕಳವು, ಅಷ್ಟರಲ್ಲಿ ಹದಿನೆಂಟು ತುಂಬಿತ್ತು, ಈ ಸಲ ಜೈಲು. ಜಾಮೀನು ಸಿಕ್ಕ ಮೇಲೂ ಊರ ಕಡೆ ಸುಳಿಯಲಿಲ್ಲ.

ಹೋದ ವರ್ಷ ಕಾಕಾಗೆ ಲಕ್ವಾ ಹೊಡೆದು ಮಾತೇ ನಿಂತಿತು. ಇನ್ನು ಉಳಿಯುವುದಿಲ್ಲ ಎಂದಾದಾಗ ಮಗ ಬಂದ. ಬಾಯಿಗೆ ನೀರು ಬಿಡಲು ಹಿರಿಯರೊಬ್ಬರು ಅವನ ಕೈಗೆ ಚಮಚ ಕೊಟ್ಟರು. "ಅಪ್ಪಾ ಅಂತ ಕರದು ನೀರು ಬಿಡು. ಕಿವಿ ಇನ್ನಾ ಕೇಳ್ತಾವ."

ಅವನು ಹಾಸಿಗೆಯ ಪಕ್ಕ ಕೂತ. ತುಟಿ ಅಲುಗಿತು. ಆಮೇಲೆ ಚಿಗವ್ವನ ಕಡೆ ತಿರುಗಿದ.

"ಅವ್ವಾ, ನೀರು ಕುಡೀತಾನೇನು ಕೇಳು."

ಚಿಗವ್ವ ಬಗ್ಗಿ ಕೇಳಿದಳು. ಕಾಕಾ ಅವಳ ಮುಖವನ್ನೇ ನೋಡುತ್ತ ಬಾಯಿ ತೆರೆದರು.