ಹಳದಿಯೂ ಹಸಿರೂ ಒಟ್ಟಿಗೇ ಇಳಿದ ದಿನ

ಗೋಕಾಕದ ಕಾಲೇಜಿನಲ್ಲಿ ಎಲೆಯ ಬಣ್ಣಗಳನ್ನು ಬೇರ್ಪಡಿಸುವ ಪ್ರಯೋಗ ನನಗೆ ಎರಡನೇ ಸಲವೂ ಕೈಕೊಟ್ಟಿತು. ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಗೆ ಮೆಂತ್ಯದ ಸೊಪ್ಪಿನ ರಸ ಹಾಕಿ, ಮೊದಲು ಬರೀ ಪೆಟ್ರೋಲಿಯಂ ಈಥರಿನಿಂದ ತೊಳೆಯಬೇಕು, ಆಮೇಲೆ ಅದಕ್ಕೆ ಸ್ವಲ್ಪ ಸ್ವಲ್ಪವೇ ಸ್ಪಿರಿಟ್ ಬೆರೆಸುತ್ತ ಹೋಗಬೇಕು ಎಂದು ಪುಸ್ತಕ ಹೇಳುತ್ತಿತ್ತು. ಯಾಕೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಹೇಗಿದ್ದರೂ ತೊಳೆಯುವುದೇ ತಾನೇ ಎಂದು ನಾನು ನೇರವಾಗಿ ಸ್ಪಿರಿಟನ್ನೇ ಸುರಿದೆ. ಮೊದಲು ಬರಬೇಕಿದ್ದ ಹಳದಿ ಹಸಿರಿನ ಜೊತೆಗೇ ಇಳಿಯಿತು. ಸಿಟ್ಟಿಗೆ ಪುಸ್ತಕವನ್ನು ಮೇಜಿಗೆ ಬಡಿದೆ.

ಪಕ್ಕದಲ್ಲಿ ಗಾಜಿನ ಸಾಮಾನು ತೊಳೆಯುತ್ತ ಎಲ್ಲ ನೋಡುತ್ತಿದ್ದ ನಾಗನೂರಿನ ಹೆಂಗಸು ನಕ್ಕಳು. “ಮೊರದಾಗ ಜ್ವಾಳಾ ಕೇರೂಮುಂದ ಮೊದಲ ಹಗೂರಕ ಕೇರಿ ಹೊಟ್ಟ ಹಾರಸ್ತಾರ್ರಿ. ಒಮ್ಮೆಲೇ ಜೋರ ಝಾಡಿಸಿದ್ರ ಹೊಟ್ಟಿನ ಜೋಡಿ ಕಾಳೂ ಹಾರಿ ಹೋಗತಾವ. ನಿಮ್ಮವ್ವ ಕೇರೂದು ನೋಡಿಲ್ಲೇನ್ರಿ?”

ಈಥರ್ ಹಗುರವಾಗಿ ತೊಳೆದು ಹಳದಿಯನ್ನಷ್ಟೇ ಇಳಿಸುತ್ತದೆ, ಸ್ಪಿರಿಟ್ ಜೋರಾಗಿ ಎಲ್ಲವನ್ನೂ ಎಳೆದು ತರುತ್ತದೆ ಎಂದು ಆಗ ಹೊಳೆಯಿತು. ಹದಿನೆಂಟು ವರ್ಷ ಅವ್ವ ಕೇರಿದ ಜೋಳದ ರೊಟ್ಟಿ ತಿಂದಿದ್ದೆ. ಅವಳು ಕೇರುವುದನ್ನು ಒಂದು ದಿನವೂ ನೋಡಿರಲಿಲ್ಲ.